ಕಿಟಕಿ ಹೇಳಿದ ಲೆಕ್ಕ

2024ರ ಶ್ರಾವಣದಲ್ಲಿ ಒಂದು ಭಾನುವಾರ ಮಧ್ಯಾಹ್ನ, ಹೊಟ್ಟೆ ತುಂಬ ಉಂಡು, ನಮ್ಮ ಸಂಘದ ವಾಚನಾಲಯದ ಕಂಪ್ಯೂಟರಿನ ಮುಂದೆ ಕುಳಿತು ನಾನು ಒಂದು ಕಿಟಕಿಗೆ "ನಿನ್ನ ಅಗಲ ಎಷ್ಟು?" ಎಂದು ಕೇಳಿದೆ. ಕಿಟಕಿ "ಒಂದು" ಎಂದು ಉತ್ತರ ಕೊಟ್ಟಿತು.

ಒಂದು ಎಂದರೆ ಒಂದು ಅಡಿಯಲ್ಲ, ಒಂದು ಅಂಗುಲವೂ ಅಲ್ಲ. ಪರದೆಯ ಮೇಲಿನ ಒಂದೇ ಒಂದು ಚುಕ್ಕೆ, ಸಾಸಿವೆ ಕಾಳಿಗಿಂತ ಸಣ್ಣದು. ಆದರೆ ಆ ಕಿಟಕಿಯೋ ನನ್ನ ಕಣ್ಣೆದುರಿಗೇ ಪರದೆಯ ನಡುಮಧ್ಯದಿಂದ ಶುರುವಾಗಿ, ಬಲಗಡೆಯ ಅಂಚನ್ನೂ ದಾಟಿ, ಸಾಯಂಕಾಲದ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುವವರ ಹಾಗೆ ಅರ್ಧ ಒಳಗೆ ಅರ್ಧ ಹೊರಗೆ ನಿಂತಿತ್ತು. ಪುಸ್ತಕ ಕೊಟ್ಟದ್ದನ್ನು ದಾಖಲು ಮಾಡುವ ಗುಂಡಿ ಪರದೆಯಾಚೆ ಎಲ್ಲಿಯೋ ಇತ್ತು. ಇಷ್ಟು ದೊಡ್ಡ ಒಡಲನ್ನು ಇಟ್ಟುಕೊಂಡು "ನಾನು ಒಂದು ಚುಕ್ಕೆ" ಎನ್ನುವ ವಿನಯವನ್ನು ನಾನು ಮನುಷ್ಯರಲ್ಲಿ ಕಂಡದ್ದಿಲ್ಲ.

ಓದುಗರಲ್ಲಿ ಕಂಪ್ಯೂಟರಿನ ಒಳಮನೆಗೆ ಹೋಗಿ ಬಂದವರು ಕಡಿಮೆ ಇರಬಹುದು. ಅವರಿಗಾಗಿ ಎರಡು ಮಾತು. ಪರದೆಯ ಮೇಲೆ ನಾವು ತೆರೆಯುವ, ಮುಚ್ಚುವ, ಅತ್ತಿತ್ತ ಸರಿಸುವ ಚೌಕಕ್ಕೆ ಕಿಟಕಿ ಎಂದು ಹೆಸರು. ಅದರೊಳಗಿರುವ ಗುಂಡಿಗಳು, ಬರೆಯುವ ಪೆಟ್ಟಿಗೆಗಳು, ಹೆಸರಿನ ಚೀಟಿಗಳು, ಇವೂ ಸಹ ಯಂತ್ರದ ಲೆಕ್ಕದಲ್ಲಿ ಸಣ್ಣ ಸಣ್ಣ ಕಿಟಕಿಗಳೇ. ಇವನ್ನೆಲ್ಲ ಪ್ರತಿಯೊಬ್ಬನೂ ಮೊದಲಿನಿಂದ ಕಟ್ಟಬೇಕಾಗಿಲ್ಲ. ಬಡಗಿಯ ಹತಾರಗಳ ಪೆಟ್ಟಿಗೆಯ ಹಾಗೆ ಸಿದ್ಧವಾದ ಟೂಲ್‌ಕಿಟ್‌ಗಳು ಸಿಗುತ್ತವೆ. ನಾನು ಹಿಡಿದದ್ದು 'ಟಿಕೆ' ಎಂಬ ಟೂಲ್‌ಕಿಟ್. 1980ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು ಶುರುಮಾಡಿದ್ದು. ಇವತ್ತಿಗೂ ಪೈಥಾನ್ ಎಂಬ ಭಾಷೆಯನ್ನು ವಿಂಡೋಸ್ ಯಂತ್ರಕ್ಕೆ ಇಳಿಸಿಕೊಂಡರೆ ಅದರ ಜೊತೆಗೆ, ಚಹಾಪುಡಿಯ ಪೊಟ್ಟಣದ ಜೊತೆ ಚಮಚ ಬರುವಂತೆ, ಪುಕ್ಕಟೆಯಾಗಿ ಬರುತ್ತದೆ.

ಈ ಇಳಿವಯಸ್ಸಿನಲ್ಲಿ ನನಗೆ ಈ ಉಸಾಬರಿ ಏಕೆ ಬಂತು ಎಂಬುದನ್ನೂ ಹೇಳಬೇಕು.

ನಮ್ಮ ಸಂಘದ ವಾಚನಾಲಯದಲ್ಲಿ ಮೂರು ಸಾವಿರ ಚಿಲ್ಲರೆ ಪುಸ್ತಕಗಳಿವೆ. ಅವುಗಳ ಯಜಮಾನಿಕೆ ಇಪ್ಪತ್ತಾರು ವರ್ಷದಿಂದ ರಾಯರದು. ಪೂರ್ಣ ಹೆಸರನ್ನು ಬರೆಯಬೇಡಿರೆಂದು ಅವರೇ ಹೇಳಿರುವುದರಿಂದ ಬರಿಯ ರಾಯರು ಎನ್ನುತ್ತೇನೆ. ಬುಧವಾರ, ಶನಿವಾರ, ಭಾನುವಾರ ಸಂಜೆ ಐದಕ್ಕೆ ಬಂದು ಬೀಗ ತೆಗೆಯುತ್ತಾರೆ. ಯಾವ ಪುಸ್ತಕ ಯಾರ ಮನೆಯಲ್ಲಿ ಎಷ್ಟು ದಿನದಿಂದ ಕೂತಿದೆ ಎಂಬುದು ಅವರ ನಾಲಗೆಯ ತುದಿಯಲ್ಲಿರುತ್ತದೆ. ಆದರೂ ಉದ್ದನೆಯ ರಿಜಿಸ್ಟರಿನಲ್ಲಿ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದೇ ತೀರುತ್ತಾರೆ. ಪತ್ನಿ ತೀರಿಕೊಂಡು ಒಂಬತ್ತು ವರ್ಷ. ಮಗ ದೂರದೇಶದಲ್ಲಿ. ವಾರದ ಆ ಮೂರು ಸಂಜೆಗಳು ರಾಯರಿಗೆ ಏನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

2023ರ ಕೊನೆಯಲ್ಲಿ ಅವರ ರಿಜಿಸ್ಟರಿನ ಸಾಲುಗಳು ಓರೆಯಾಗತೊಡಗಿದವು. ಅಚ್ಚಾದ ಗೆರೆಗಳೇ ಡೊಂಕಾಗಿವೆ, ಈ ಸಲದ ಪುಸ್ತಕ ಸರಿಯಿಲ್ಲ ಎಂದು ರಾಯರು ಅಂಗಡಿಯವನ ಮೇಲೆ ರೇಗಿದರು. ಗೆರೆಗಳು ನೆಟ್ಟಗೇ ಇದ್ದವು. ಕಣ್ಣಿನ ಹಿಂಭಾಗದ ಪರದೆಯ ನಡುಭಾಗ ಸವೆಯುವ ಕಾಯಿಲೆ ಎಂದು ವೈದ್ಯರು ಹೇಳಿದರು. ನೇರವಾದ ಗೆರೆ ಬಾಗಿದಂತೆ ತೋರುವುದು ಅದರ ಒಂದು ಲಕ್ಷಣವಂತೆ. ಹೋದ ದೃಷ್ಟಿ ಬಾರದು, ಇದ್ದದ್ದನ್ನು ಕಾಪಾಡಬೇಕು. ಒಳ್ಳೆಯ ಬೆಳಕು, ದೊಡ್ಡ ದಪ್ಪ ಅಕ್ಷರ, ಇವಿದ್ದರೆ ಓದು ಸಾಗಬಹುದು ಎಂದರು.

ಆಗ ಸಮಿತಿಯಲ್ಲಿ ನಾನು ಕೈ ಎತ್ತಿದೆ. ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕೋಣ, ಪರದೆಯ ಮೇಲೆ ಒಂದೊಂದು ಕನ್ನಡ ಅಕ್ಷರವನ್ನೂ ಬೆರಳುಗಾತ್ರ ಮಾಡಿ ಕೊಡುತ್ತೇನೆ, ರಾಯರು ಗುಂಡಿ ಒತ್ತಿದರೆ ಸಾಕು. ಸಮಿತಿ ಚಪ್ಪಾಳೆ ತಟ್ಟಿತು. ನಾನು ಸಂಘದ ಖಜಾಂಚಿ. ಕಂಪ್ಯೂಟರಿಗೂ ಪರದೆಗೂ ಹಣ ಮಂಜೂರು ಮಾಡಿದವನೂ ನಾನೇ. ಕೆಲಸಕ್ಕೆ ಮಾತ್ರ ಸಂಬಳವಿಲ್ಲ.

ಕೈ ಎತ್ತುವ ಧೈರ್ಯ ಎಲ್ಲಿಂದ ಬಂತೆಂದರೆ, ನಾನೂ ಒಂದು ಕಾಲದಲ್ಲಿ ಕಂಪ್ಯೂಟರಿನವನೇ. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದಾಗ, ಕೋಟೆ ಭಾಗದ ನಮ್ಮ ಶಾಖೆಯಲ್ಲಿ ಅದನ್ನು ಮುಟ್ಟಲು ಒಪ್ಪಿದ ಮೂವರಲ್ಲಿ ನಾನೊಬ್ಬ. ಆಮೇಲೆ ಗಣಕ ವಿಭಾಗಕ್ಕೆ ಹೋಗಿ ಕೋಬಾಲ್ ಬರೆದೆ. ಆಗಿನ ಪರದೆ ಕಪ್ಪು, ಅಕ್ಷರ ಹಸಿರು. ಅಡ್ಡಕ್ಕೆ 80 ಅಕ್ಷರ, ಉದ್ದಕ್ಕೆ 25 ಸಾಲು. ಒಟ್ಟು ಎರಡು ಸಾವಿರ ಮನೆಗಳು. ಗಿರಾಕಿಯ ಹೆಸರು ಐದನೆಯ ಸಾಲಿನ ಹತ್ತನೆಯ ಮನೆ ಎಂದು ಬರೆದುಬಿಟ್ಟರೆ ಮುಗಿಯಿತು. ಮುಂಬಯಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಅದು ಅಲ್ಲಿಯೇ ಕೂರುತ್ತಿತ್ತು. ಪರದೆಯನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವಂಥದ್ದು ಅದರಲ್ಲಿ ಇರಲೂ ಇಲ್ಲ.

ಈಗ ಹಾಗಲ್ಲ. ಒಬ್ಬರ ಪರದೆ ದೊಡ್ಡದು, ಒಬ್ಬರದು ಚಿಕ್ಕದು. ಒಂದು ಕಿಟಕಿಯ ಮೇಲೆ ಇನ್ನೊಂದು. ಯಾರೋ ಅಂಚನ್ನು ಹಿಡಿದು ಎಳೆದು ಅಗಲ ಮಾಡುತ್ತಾರೆ, ಇನ್ನಾರೋ ಮಡಿಸಿ ಕೆಳಗೆ ಇಡುತ್ತಾರೆ. ಆದ್ದರಿಂದ ಬರೆಯುವವನು ಹೆಜ್ಜೆಹೆಜ್ಜೆಗೂ ಕಿಟಕಿಯನ್ನು ವಿಚಾರಿಸಿಕೊಳ್ಳಬೇಕು. ಅದಕ್ಕೆಂದೇ ಟಿಕೆಯಲ್ಲಿ 'ವಿನ್‌ಫೋ' ಎಂಬ ಆಜ್ಞೆಗಳ ಒಂದು ಕುಟುಂಬವೇ ಇದೆ. ಇದನ್ನು ನನಗೆ ಹೇಳಿಕೊಟ್ಟವಳು ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗಳು. "ಅಜ್ಜ, ನೀವು ಕಿಟಕಿಗೆ ಆಜ್ಞೆ ಮಾಡುವುದಕ್ಕೆ ಮುಂಚೆ ಅದನ್ನು ಮಾತಾಡಿಸಿ" ಎಂದು ಅವಳು ಫೋನಿನಲ್ಲಿ ಪಾಠ ಶುರುಮಾಡಿದಳು.

ಆ ಪ್ರಶ್ನೆಗಳ ಪಟ್ಟಿಯನ್ನು ನೋಡಿದಾಗ ನನಗೆ ನಮ್ಮ ಕುಂದಾಪುರದ ಕಡೆಯ ಮದುವೆಮನೆಗಳ ನೆನಪಾಯಿತು. ಅಪರಿಚಿತನೊಬ್ಬ ಪಂಕ್ತಿಯಲ್ಲಿ ಕೂತರೆ ಸಾಕು, ಪಕ್ಕದ ಹಿರಿಯರು ಶುರುಮಾಡುತ್ತಾರಲ್ಲ: ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು? ವಿನ್‌ಫೋ ಕೇಳುವುದೂ ಅದನ್ನೇ. ನಿನ್ನ ತಂದೆ ಯಾರು? ಮಕ್ಕಳು ಯಾರು ಯಾರು? ಯಾವ ಜಾತಿ? (ಗುಂಡಿಯ ಜಾತಿಯೋ, ಚೀಟಿಯ ಜಾತಿಯೋ ಎಂದರ್ಥ; ತಪ್ಪು ತಿಳಿಯಬಾರದು.) ಮನೆಯೊಳಗೆ ನಿನ್ನ ಜಾಗ ಎಲ್ಲಿ, ಇಡೀ ಪರದೆಯ ಲೆಕ್ಕದಲ್ಲಿ ಎಲ್ಲಿ? ಈ ಎರಡಕ್ಕೆ ಬೇರೆ ಬೇರೆ ಉತ್ತರ ಬರುತ್ತದೆ, ಬರಬೇಕಾದದ್ದೇ. ಅಡುಗೆಮನೆ ಮನೆಯ ಹಿಂದುಗಡೆ ಇದೆ ಎಂದರೆ ಮನೆಯವರಿಗೆ ಸಾಕು, ಅಂಚೆಯವನಿಗೆ ಸಾಲದು. ಕುಟುಂಬದ ಮೂಲಪುರುಷನಾದ ಹೊರಗಿನ ಕಿಟಕಿಗೆ ಹೆಸರೇ ಇಲ್ಲ. ಬರಿಯ ಒಂದು ಬಿಂದು. ಮಕ್ಕಳು ಮೊಮ್ಮಕ್ಕಳ ಹೆಸರುಗಳೆಲ್ಲ ಆ ಬಿಂದುವಿನಿಂದಲೇ ಶುರುವಾಗುತ್ತವೆ.

ಇನ್ನೊಂದು ಪ್ರಶ್ನೆ "ನೀನು ಇದ್ದೀಯಾ?" ಎಂಬುದು. ಹುಚ್ಚು ಪ್ರಶ್ನೆ ಎನಿಸಬಹುದು, ಆದರೆ ಮುಚ್ಚಿಹೋದ ಕಿಟಕಿಯ ಹೆಸರು ಕಾರ್ಯಕ್ರಮದ ನೆನಪಿನಲ್ಲಿ ಉಳಿದುಬಿಟ್ಟಿರುತ್ತದೆ. ಅದಕ್ಕೆ ಕೆಲಸ ಹೇಳಹೋದರೆ ಎಡವಟ್ಟು. ನಮ್ಮ ಸದಸ್ಯರ ಪಟ್ಟಿಯಲ್ಲೂ ಅಂಥ ಹೆಸರುಗಳಿವೆ, ಆಮಂತ್ರಣ ಪತ್ರಿಕೆ ಹೋಗುತ್ತಲೇ ಇರುತ್ತದೆ. ಮತ್ತೆ, "ನಿನ್ನನ್ನು ಹೊರಗೆ ಕೂರಿಸಿದ್ದಾರೆಯೇ?" ಎಂಬುದು ಒಂದು ಪ್ರಶ್ನೆ, "ನೀನು ಕಾಣುವ ಸ್ಥಿತಿಯಲ್ಲಿದ್ದೀಯಾ?" ಎಂಬುದು ಬೇರೆಯೇ ಪ್ರಶ್ನೆ. ಗುಂಡಿಯನ್ನು ಅದರ ಜಾಗದಲ್ಲಿ ಕೂರಿಸಿಯಾಗಿದೆ. ಆದರೆ ಅದರ ತಂದೆಯನ್ನೇ ಇನ್ನೂ ಕೂರಿಸಿಲ್ಲ. ಆಗ ಎರಡನೆಯದಕ್ಕೆ "ಇಲ್ಲ" ಎನ್ನುತ್ತದೆ. ಕಿಟಕಿ ತಾನೂ, ತನ್ನ ಮೇಲಿನ ಎಲ್ಲ ಹಿರಿಯರೂ ತೆರೆದುಕೊಂಡಿದ್ದರೆ ಮಾತ್ರ ಕಾಣುವ ಸ್ಥಿತಿ. ಟಿಕೆಯ ಮಾತು ಹಾಗಿರಲಿ, ವಿಂಡೋಸಿನಲ್ಲಿ ಮಡಿಸಿ ಕೆಳಗಿಟ್ಟ ಕಿಟಕಿಯನ್ನು "ಎಲ್ಲಿದ್ದೀಯೆ?" ಎಂದು ಕೇಳಿದರೆ "ಮೈನಸ್ 32000, ಮೈನಸ್ 32000" ಎನ್ನುತ್ತದೆ. ಅಂದರೆ ಪರದೆಯಿಂದ ಎಡಕ್ಕೂ ಮೇಲಕ್ಕೂ ಮೂವತ್ತೆರಡು ಸಾವಿರ ಚುಕ್ಕೆ ದೂರ. ಸನ್ಯಾಸಕ್ಕೆ ಹೋದವರ ವಿಳಾಸವಿದ್ದಂತೆ.

ಅದಿರಲಿ, ನಮ್ಮ 'ಒಂದು' ಎಲ್ಲಿಂದ ಬಂತು?

ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ನಾನು ಕೋಬಾಲ್ ಕಾಲದ ಚಾಳಿಯಂತೆ ಕಿಟಕಿಯ ಎಡ ಅಂಚು 193ನೆಯ ಚುಕ್ಕೆಯಲ್ಲಿರಲಿ ಎಂದು ಬರೆದುಬಿಟ್ಟಿದ್ದೆ. ಅಲ್ಲಿ ಅದು ಸರಿಯಾಗಿ ನಡುವೆ ಬರುತ್ತಿತ್ತು. ಸಂಘದಲ್ಲಿ ಹಾಕಿದ ದಿನ ಕಾರ್ಯದರ್ಶಿಗಳು ಬಾಗಿಲಿನಿಂದಲೇ ಇಣುಕಿ, "ಯಾಕೋ ಫೋಟೋ ಪಕ್ಕಕ್ಕೆ ತೂಗುಹಾಕಿದ ಹಾಗಿದೆಯಲ್ಲ" ಎಂದು ಹೋದರು. ಸರಿ, ಪರದೆಯ ಅಗಲವನ್ನು ಕೇಳು, ಕಿಟಕಿಯ ಅಗಲವನ್ನು ಕೇಳು, ಕಳೆದು ಎರಡರಿಂದ ಭಾಗಿಸು, ಯಾವ ಪರದೆಯಲ್ಲಾದರೂ ನಡುವೆ ಬರುತ್ತದೆ ಎಂದು ಹೊರಟೆ. ಪರದೆ 1280 ಎಂದಿತು. ಕಿಟಕಿ ಒಂದು ಎಂದಿತು. ಲೆಕ್ಕ ತಪ್ಪದ ಯಂತ್ರ, 1280ರಲ್ಲಿ ಒಂದನ್ನು ಕಳೆದು ಅರ್ಧ ಮಾಡಿ 639ಕ್ಕೆ ತಂದು ನಿಲ್ಲಿಸಿತು. 980 ಚುಕ್ಕೆ ಅಗಲದ ಕಿಟಕಿ 639ರಿಂದ ಶುರುವಾದರೆ ಎಲ್ಲಿಗೆ ಹೋದೀತು?

ಮೊಮ್ಮಗಳು ನಕ್ಕಳು. "ಅಜ್ಜ, ಇದು ಎಲ್ಲರೂ ಬೀಳುವ ಗುಂಡಿ. ನೀವು ಕೇಳಿದಾಗ ಕಿಟಕಿ ಹುಟ್ಟಿತ್ತು, ಆದರೆ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಇನ್ನೂ ಹಂಚಿಕೆ ಆಗಿರಲಿಲ್ಲ."

ಟಿಕೆ ಹಂಚಿಕೆಯ ಕೆಲಸವನ್ನು ಕೂಡಲೇ ಮಾಡುವುದಿಲ್ಲ. ಹತ್ತು ಗುಂಡಿ ಸೇರಿಸಿದರೆ ಹತ್ತು ಸಲ ಅಳೆಯುವುದೇಕೆ ಎಂದು ಬಾಕಿ ಇಟ್ಟುಕೊಂಡು, ಬಿಡುವಾದಾಗ ಒಟ್ಟಿಗೆ ಮಾಡುತ್ತದೆ. ಅಲ್ಲಿಯವರೆಗೆ ಅಗಲದ ಮನೆಯಲ್ಲಿ ಬರಿದೆ ಒಂದು ಎಂದು ಬರೆದಿರುತ್ತದೆ. ಬ್ಯಾಂಕಿನವನಿಗೆ ಇದು ಅರ್ಥವಾಗಲು ಕಷ್ಟವೇ? ಬೆಳಿಗ್ಗೆ ಕ್ಲಿಯರಿಂಗಿಗೆ ಚೆಕ್ಕು ಹಾಕಿ ಮಧ್ಯಾಹ್ನ ಬಂದು ಬ್ಯಾಲೆನ್ಸ್ ಕೇಳುವ ಗಿರಾಕಿಗಳನ್ನು ಮೂವತ್ತೆಂಟು ವರ್ಷ ನೋಡಿದ್ದೇನೆ. ಗುಮಾಸ್ತ ಸುಳ್ಳು ಹೇಳುವುದಿಲ್ಲ, ಪುಸ್ತಕದಲ್ಲಿ ಇದ್ದದ್ದನ್ನು ಓದುತ್ತಾನೆ. ಬಾಕಿ ಪೋಸ್ಟಿಂಗ್ ಮುಗಿಸಿ ಆಮೇಲೆ ಹೇಳಪ್ಪಾ ಎನ್ನುವುದಕ್ಕೆ ಟಿಕೆಯಲ್ಲಿ ಒಂದು ಸಾಲು ಇದೆ. 'ಅಪ್‌ಡೇಟ್ ಐಡಲ್ ಟಾಸ್ಕ್ಸ್' ಎಂದು ಅದರ ಹೆಸರು. ಪ್ರಶ್ನೆಗೆ ಮುಂಚೆ ಅದನ್ನು ಸೇರಿಸಿದೆ. ಕಿಟಕಿ 980 ಎಂದಿತು. 1280ರಲ್ಲಿ 980 ಹೋದರೆ 300, ಅರ್ಧ 150. ಕಿಟಕಿ ಗರ್ಭಗುಡಿಯ ಮೂರ್ತಿಯಂತೆ ನಟ್ಟನಡುವೆ ಬಂದು ನಿಂತಿತು. ನಾನು ಪೆಟ್ಟಿಗೆ ಮುಚ್ಚಿ ಮನೆಗೆ ಹೋದೆ.

ಈಗ ಹಿಂದಿರುಗಿ ನೋಡಿದರೆ ನನಗೆ ನಾಚಿಕೆಯಾಗುವುದು ಆ ದಿನದ ಬಗ್ಗೆಯೇ. ಎದುರಿಗೆ ಎರಡು ತಪ್ಪು ಉತ್ತರಗಳು ಅಕ್ಕಪಕ್ಕ ಕೂತಿದ್ದವು. ಒಂದನ್ನು ಹಿಡಿದು ಜಗ್ಗಾಡಿದೆ. ಇನ್ನೊಂದು ಸಭ್ಯ ಗೃಹಸ್ಥನಂತೆ ಕಂಡದ್ದರಿಂದ ಅದಕ್ಕೆ ನಮಸ್ಕಾರ ಹಾಕಿ ಬಂದೆ.

ಮುಂದಿನ ಬುಧವಾರ ರಾಯರು ಹೊಸ ಪರದೆಯ ಮುಂದೆ ಕುಳಿತರು. ನಾನು ಪಕ್ಕದಲ್ಲಿ. ಅಕ್ಷರಗಳು ದೊಡ್ಡದಾಗಿದ್ದವು, ಅದರಲ್ಲಿ ಸಂದೇಹವಿಲ್ಲ. ರಾಯರು ಮುಖವನ್ನು ಹತ್ತಿರ ತಂದರು, ದೂರ ಒಯ್ದರು, ಕತ್ತನ್ನು ಓರೆ ಮಾಡಿದರು.

"ಹೇಗಿದೆ ರಾಯರೇ?"

"ದೊಡ್ಡದಾಗಿದೆ. ಆದರೆ ಮಂಜು."

"ಮಂಜೇ?"

"ಅಕ್ಷರದ ಅಂಚು ಕರಗಿದ ಹಾಗಿದೆ. ಯಂತ್ರದ್ದಲ್ಲ ಬಿಡಿ, ನನ್ನ ಕಣ್ಣಿಂದು."

ನನಗೂ ಸ್ವಲ್ಪ ಮಂಜಾಗಿಯೇ ಕಂಡಿತ್ತು. ಆದರೆ ನನ್ನ ಬಲಗಣ್ಣಿನಲ್ಲಿ ಪೊರೆ ಬೆಳೆಯುತ್ತಿದೆ, ಶಸ್ತ್ರಚಿಕಿತ್ಸೆಯನ್ನು ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ. ಆದ್ದರಿಂದ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಸುಮ್ಮನಾದೆ. ಇಬ್ಬರು ಮುದುಕರು, ಒಬ್ಬೊಬ್ಬರೂ ತಮ್ಮ ತಮ್ಮ ಕಣ್ಣನ್ನು ಬೈದುಕೊಂಡು ಒಂದೇ ಪರದೆಯನ್ನು ನೋಡುತ್ತಿದ್ದೆವು. ಕಣ್ಣು ಚೆನ್ನಾಗಿರುವ ಹುಡುಗರು ವಾಚನಾಲಯಕ್ಕೆ ಬರುವುದಿಲ್ಲವಷ್ಟೆ. ಬಂದಿದ್ದರೆ ಆ ಹೊತ್ತಿಗೇ ಹೇಳುತ್ತಿದ್ದರು.

ಅಕ್ಷರವನ್ನು ಇನ್ನೂ ದೊಡ್ಡದು ಮಾಡಿದೆ. ಮಂಜೂ ದೊಡ್ಡದಾಯಿತು. ಬಣ್ಣ ಬದಲಿಸಿದೆ, ಹಳದಿಯ ಮೇಲೆ ಕಪ್ಪು. ಉಪಯೋಗವಾಗಲಿಲ್ಲ. ರಾಯರು ಎರಡು ವಾರ ಪ್ರಯತ್ನಪಟ್ಟರು. ಮೂರನೆಯ ಶನಿವಾರ ನನ್ನ ಕೈಗೆ ಒಂದು ಮಡಿಸಿದ ಕಾಗದ ಕೊಟ್ಟರು. ಕಾರ್ಯದರ್ಶಿಗಳು ಊರಿಗೆ ಹೋಗಿದ್ದರಿಂದ ನನಗೆ. ದೃಷ್ಟಿಮಾಂದ್ಯದ ಕಾರಣ ಗ್ರಂಥಪಾಲನ ಹೊಣೆಯಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ; ಇಷ್ಟೇ. ಸಾಲುಗಳು ಓರೆಯಾಗಿದ್ದವು.

"ಬೀಗದ ಕೈ ನಿಮ್ಮಲ್ಲಿರಲಿ" ಎಂದು ಅದನ್ನೂ ಮೇಜಿನ ಮೇಲಿಟ್ಟರು.

"ಕಾರ್ಯದರ್ಶಿಗಳು ಬರಲಿ ರಾಯರೇ, ಅವರಸರವೇನು" ಎಂದೆ. ನನ್ನ ದನಿ ನನಗೇ ಪೊಳ್ಳಾಗಿ ಕೇಳಿಸಿತು. ಕಾಗದವನ್ನು ನಗದಿನ ಪೆಟ್ಟಿಗೆಯಲ್ಲಿ ಹಾಕಿದೆ. ಬೀಗದ ಕೈಯನ್ನು ಮಾತ್ರ ಅವರ ಜೇಬಿಗೇ ಮತ್ತೆ ತುರುಕಿದೆ.

ಸೆಪ್ಟೆಂಬರ್ ಕೊನೆಗೆ ಅರ್ಧವಾರ್ಷಿಕ ಲೆಕ್ಕ. ಮನೆಯಲ್ಲಿ ಊಟದ ಮೇಜಿನ ಮೇಲೆ ವೋಚರುಗಳನ್ನು ಹರಡಿಕೊಂಡು ಒಂದೊಂದಕ್ಕೂ ನಂಬರು ಹಾಕುತ್ತಿದ್ದೆ. ಕಂಪ್ಯೂಟರ್ ಅಂಗಡಿಯ ಬಿಲ್ಲು ಬಂತು. ಪರದೆ ಒಂದು, 24 ಅಂಗುಲ, 1920 × 1080.

ನಾನು ಪೆನ್ನು ಕೆಳಗಿಟ್ಟೆ.

ಬಿಲ್ಲಿಗೂ ಸ್ಟಾಕಿಗೂ ತಾಳೆಯಾಗದಿದ್ದರೆ ಬ್ಯಾಂಕಿನವನ ಎದೆ ಹೊಡೆದುಕೊಳ್ಳುವ ರೀತಿಯೇ ಬೇರೆ. ಹಣ ಕೊಟ್ಟದ್ದು 1920ಕ್ಕೆ. ಯಂತ್ರ ಹೇಳಿದ್ದು 1280. ನಡುವಿನ 640 ಎಲ್ಲಿ? ಅಂಗಡಿಯವನು ಮೋಸ ಮಾಡಿದನೇ ಎಂದು ಮೊದಲು ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ಸುಮ್ಮನೆ ಭಾಗಿಸಿ ನೋಡಿದೆ. 1920ನ್ನು 1280ರಿಂದ ಭಾಗಿಸಿದರೆ ಒಂದೂವರೆ. ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಳ್ಳತನ ಇಷ್ಟು ನುಣ್ಣಗೆ ಇರುವುದಿಲ್ಲ. ಇದು ಯಾರೋ ಗುಣಿಸಿದ ಲೆಕ್ಕ.

ರಾತ್ರಿಯೇ ಪುಣೆಗೆ ಫೋನು ಮಾಡಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಮಷೀನಿನಲ್ಲಿ ಎಲ್ಲವೂ ದೊಡ್ಡದಾಗಿ ಕಾಣಲಿ ಅಂತ ಯಾರಾದರೂ 150 ಪರ್ಸೆಂಟ್ ಇಟ್ಟಿದ್ದಾರಾ?"

ಇಟ್ಟಿದ್ದರು. ಇಡಿಸಿದವನು ನಾನೇ. ಯಂತ್ರ ಜೋಡಿಸಿದ ಹುಡುಗನಿಗೆ "ರಾಯರಿಗೆ ಎಲ್ಲ ದೊಡ್ಡದಾಗಿ ಕಾಣಬೇಕಪ್ಪಾ" ಎಂದು ಹೇಳಿದ್ದೆ. ಅವನು ಒಂದೂವರೆ ಪಾಲು ಮಾಡಿಕೊಟ್ಟು ಹೋಗಿದ್ದ.

ಆಗುವುದು ಹೀಗೆ. ವಿಂಡೋಸಿಗೆ, 2007ರಲ್ಲಿ ಬಂದ ವಿಸ್ಟಾದ ಕಾಲದಿಂದಲೂ, ಕಾರ್ಯಕ್ರಮಗಳಲ್ಲಿ ಎರಡು ಬಗೆ. "ನನಗೆ ಪರದೆಯ ನಿಜವಾದ ಚುಕ್ಕೆಗಳ ಲೆಕ್ಕ ಗೊತ್ತು, ನನ್ನ ಅಕ್ಷರಗಳನ್ನು ನಾನೇ ಹಿಗ್ಗಿಸಿಕೊಳ್ಳುತ್ತೇನೆ" ಎಂದು ಬಾಗಿಲಲ್ಲೇ ಘೋಷಣೆ ಮಾಡುವವು ಒಂದು ಬಗೆ. ಏನೂ ಹೇಳದೆ ಒಳಗೆ ಬರುವವು ಇನ್ನೊಂದು. ಹೇಳದೆ ಬಂದದ್ದನ್ನು ವಿಂಡೋಸು ಹಳೆಯ ಕಾಲದ್ದು, ಪಾಪ, ದೊಡ್ಡ ಲೆಕ್ಕ ಇದಕ್ಕೆ ತಿಳಿಯದು ಎಂದುಕೊಳ್ಳುತ್ತದೆ. ಗಾಬರಿಯಾಗದಿರಲಿ ಎಂದು ಅದಕ್ಕೊಂದು ಪುಟ್ಟ ಪ್ರಪಂಚವನ್ನು ತೋರಿಸುತ್ತದೆ: ಪರದೆ 1280, ಎತ್ತರ 720. ಕಾರ್ಯಕ್ರಮ ಅದನ್ನು ನಂಬಿ ಅಷ್ಟರಲ್ಲೇ ತನ್ನ ಕಿಟಕಿಯನ್ನು ಬರೆಯುತ್ತದೆ. ಆಮೇಲೆ ಆ ಬರೆದ ಚಿತ್ರವನ್ನು ವಿಂಡೋಸು ಬಟ್ಟೆ ಜಗ್ಗಿದ ಹಾಗೆ ಒಂದೂವರೆ ಪಾಲು ಜಗ್ಗಿ ಪರದೆಗೆ ಹೊದಿಸುತ್ತದೆ. ಜಗ್ಗಿದ ಚಿತ್ರದ ಅಂಚು ಕರಗದೆ ಇರುತ್ತದೆಯೇ? ಸಣ್ಣ ಪಾಸ್‌ಪೋರ್ಟ್ ಫೋಟೋವನ್ನು ಗೋಡೆಯ ಗಾತ್ರ ಮಾಡಿಸಿದಂತೆ.

ನಾನು ಆ ಘೋಷಣೆ ಮಾಡಿಸಿರಲಿಲ್ಲ. ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸುವ ಏರ್ಪಾಟು ಇರಲಿಲ್ಲವಾದ್ದರಿಂದ ಅಲ್ಲಿ ಎಲ್ಲವೂ ನಿಚ್ಚಳ. ಸಂಘದಲ್ಲಿ ಕಿಟಕಿ ಸರಿಯಾಗಿ ನಡುವೆ ಬಂದದ್ದು ಏಕೆಂದರೆ ಪರದೆಯ ಅಗಲವೂ ಕಿಟಕಿಯ ಅಗಲವೂ ಒಂದೇ ಪ್ರಮಾಣದಲ್ಲಿ ಸುಳ್ಳಾಗಿದ್ದವು. ಕಳೆದು ಭಾಗಿಸಿದರೆ ಸುಳ್ಳೆಲ್ಲ ಕೂಡಿ ಸರಿಹೋಗಿತ್ತು. 'ಒಂದು' ಎಂದಿದ್ದರಿಂದಲೇ ಆ ಕಿಟಕಿಯನ್ನು ಸಂದೇಹಿಸಿದೆ. ಪರದೆಯೂ 'ಏಳು' ಎಂದೋ 'ಮೈನಸ್ ನಾಲ್ಕು' ಎಂದೋ ಹೇಳಿದ್ದರೆ ಅಂದೇ ಹಿಡಿಯುತ್ತಿದ್ದೆ. 1280 ಎಂಬುದು ಪರದೆಗಳಿಗೆ ಇರಬಹುದಾದ ಅಗಲ. ನಂಬತಕ್ಕ ಅಗಲ. ಅದನ್ನು ನಂಬಿ, ರಾಯರು "ನನ್ನ ಕಣ್ಣಿಂದು" ಎಂದಾಗ ಅದನ್ನೂ ನಂಬಿದೆ. ಎಪ್ಪತ್ತೆಂಟು ವರ್ಷದ, ಕಾಯಿಲೆಯ ಕಣ್ಣಿನ ಮನುಷ್ಯ ಮಂಜು ಎಂದರೆ ಯಂತ್ರವನ್ನು ಯಾರು ಅನುಮಾನಿಸುತ್ತಾರೆ? ಅವರೇ ಅನುಮಾನಿಸಲಿಲ್ಲ.

ಮರುದಿನ ಸೋಮವಾರ, ವಾಚನಾಲಯದ ರಜೆ. ಸಂಘದ ಕಾವಲುಗಾರನಿಂದ ಬಾಗಿಲು ತೆಗೆಸಿ ಒಬ್ಬನೇ ಕುಳಿತೆ. ಘೋಷಣೆಯ ಒಂದು ಸಾಲನ್ನು ಎಲ್ಲಕ್ಕಿಂತ ಮೇಲೆ, ಮೊದಲ ಕಿಟಕಿ ಹುಟ್ಟುವ ಮುನ್ನ, ಸೇರಿಸಿದೆ. ಮತ್ತೆ ಕೇಳಿದೆ. ಪರದೆ 1920 ಎಂದಿತು. ಪುಸ್ತಕಗಳ ಪಟ್ಟಿ ಮೂಡಿತು. ಕಲ್ಲಿನಲ್ಲಿ ಕೆತ್ತಿದಂಥ ಅಕ್ಷರಗಳು. ನಾನು ಕನ್ನಡಕ ಒರೆಸಿಕೊಳ್ಳಲು ಹೋಗಿ ಕೈ ಅಲ್ಲಿಯೇ ನಿಲ್ಲಿಸಿದೆ.

ಹೊಸ ಫಜೀತಿಯೊಂದು ಕೂಡಲೇ ಕಣ್ಣಿಗೆ ಬಿತ್ತು. ಕಾರಂತರ 'ಮರಳಿ ಮಣ್ಣಿಗೆ' ಎಂಬಲ್ಲಿ 'ಮರಳಿ ಮಣಿಗೆ' ಎಂದಿತ್ತು. ಕುವೆಂಪು ಅವರ ಹೆಗ್ಗಡಿತಿ 'ಹೆಗಡಿತಿ' ಆಗಿದ್ದಳು. 'ಚೋಮನ ದುಡಿ' ಮಾತ್ರ ಕ್ಷೇಮವಾಗಿತ್ತು; ಅದರಲ್ಲಿ ಒತ್ತಕ್ಷರವೇ ಇಲ್ಲ. ಪ್ರತಿ ಸಾಲಿನ ಕೆಳಭಾಗವನ್ನು ಯಾರೋ ಕತ್ತರಿಯಿಂದ ನೇರವಾಗಿ ಕತ್ತರಿಸಿದಂತೆ ಒತ್ತುಗಳೆಲ್ಲ ಮಾಯ. ಇಂಗ್ಲಿಷ್ ಅಕ್ಷರಗಳಾಗಿದ್ದರೆ ಹೇಗೋ ಓದಿಕೊಳ್ಳಬಹುದು, ಕನ್ನಡದ ಜೀವ ಅರ್ಧ ಇರುವುದೇ ಸಾಲಿನ ಕೆಳಗೆ.

ಈ ಸಲ ಊಹೆ ಮಾಡುತ್ತ ಕೂರಲಿಲ್ಲ, ಕಿಟಕಿಯನ್ನೇ ಕೇಳಿದೆ. ವಿನ್‌ಫೋದಲ್ಲಿ ಎತ್ತರದ ಪ್ರಶ್ನೆಗಳು ಎರಡಿವೆ: "ನಿನಗೆ ಎಷ್ಟು ಬೇಕು?" ಮತ್ತು "ನಿನಗೆ ಎಷ್ಟು ಸಿಕ್ಕಿದೆ?" ಪುಸ್ತಕದ ಹೆಸರಿನ ಚೀಟಿ, ಬೇಕಾದದ್ದು 62 ಎಂದಿತು. ಸಿಕ್ಕಿರುವುದು 44. ಆ 44 ಎಲ್ಲಿಯದು? ಸಾಲಿನ ಎತ್ತರ 44 ಚುಕ್ಕೆ ಎಂದು ತಿಂಗಳುಗಳ ಹಿಂದೆ ನಾನೇ ಕೈಯಾರೆ ಬರೆದಿದ್ದೆ. ಪುಟ್ಟ ಪ್ರಪಂಚದಲ್ಲಿ ಅದು ಸಾಕಾಗುತ್ತಿತ್ತು. ಈಗ ಅಕ್ಷರ ನಿಜವಾಗಿ ಬೆಳೆದಿತ್ತು, ಖೋಲಿ ಮಾತ್ರ ಹಳೆಯದೇ. ಚಾಳಿನ ಹತ್ತಡಿ ಖೋಲಿಯಲ್ಲಿ ಸಂಸಾರ ಶುರುಮಾಡಿದ ನಮ್ಮಂಥವರಿಗೆ ಬೇಕಾದದ್ದು ಎಷ್ಟು, ಸಿಕ್ಕಿದ್ದು ಎಷ್ಟು ಎಂಬ ಲೆಕ್ಕ ಹೊಸದೇನಲ್ಲ. ಆದರೆ ಆಗ ಯಾರೂ ನಮ್ಮನ್ನು ಕೇಳಿರಲಿಲ್ಲ. ಅಂದು ಸಂಜೆಯೊಳಗೆ ಕಾರ್ಯಕ್ರಮದಲ್ಲಿದ್ದ 44, 193 ಮುಂತಾದ ನನ್ನ ಕೈಬರಹದ ಸಂಖ್ಯೆಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದೆ. ಮೂವತ್ತೊಂದು ಇದ್ದವು. ಪ್ರತಿಯೊಂದರ ಜಾಗದಲ್ಲೂ ಒಂದು ಪ್ರಶ್ನೆ ಹಾಕಿದೆ. ಪ್ರಶ್ನೆಗೆ ಮುಂಚೆ ಬಾಕಿ ಕೆಲಸ ಮುಗಿಸುವ ಸಾಲು. ಮನೆಗೆ ಹೊರಟಾಗ ರಾತ್ರಿ ಹತ್ತೂವರೆ. ಕಾವಲುಗಾರ ಎರಡು ಸಲ ಬಂದು ಕೆಮ್ಮಿ ಹೋಗಿದ್ದ.

ಬುಧವಾರ ರಾಯರಿಗೆ ಫೋನು ಮಾಡಿ, ಲೆಕ್ಕಪತ್ರಕ್ಕೆ ಒಂದು ರುಜು ಬೇಕು, ಐದು ಗಂಟೆಗೆ ಬನ್ನಿ ಎಂದು ಸುಳ್ಳು ಹೇಳಿದೆ. ಬಂದರು. ಬೀಗದ ಕೈಯನ್ನು ಲಕೋಟೆಯಲ್ಲಿ ಹಾಕಿ ಹೆಸರು ಬರೆದು ತಂದಿದ್ದರು. ರುಜು ಎಲ್ಲಿ ಎಂದರು. ಮೊದಲು ಇಲ್ಲಿ ಕೂರಿ ಎಂದೆ.

ಅವರು ಪರದೆಯ ಮುಂದೆ ಕುಳಿತು ಅಭ್ಯಾಸದಂತೆ ಮುಖವನ್ನು ಹತ್ತಿರ ತಂದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದರು. ಕತ್ತನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, ಅಂಚಿನ ದೃಷ್ಟಿಯಿಂದ, ಈಗ ಅವರು ಎಲ್ಲವನ್ನೂ ನೋಡುವ ರೀತಿಯಲ್ಲಿ, ನೋಡಿದರು. ನಾನು ಮಾತಾಡಲಿಲ್ಲ. ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ಗೆರೆಗಳು ಅವರಿಗೆ ಈಗಲೂ ಡೊಂಕೇ. ಪಟ್ಟಿಯನ್ನು ಒಂದು ಪುಟ ಕೆಳಕ್ಕೆ ತಳ್ಳಿದರು. ಇನ್ನೊಂದು ಪುಟ.

"ಖಜಾಂಚಿಗಳೇ" ಎಂದರು.

"ಹೇಳಿ ರಾಯರೇ."

"ಇಲ್ಲಿ 'ಕಾನುರು ಹೆಗ್ಗಡಿತಿ' ಎಂದಿದೆ. 'ನೂ' ಎಂಬುದರ ದೀರ್ಘ ಎಲ್ಲಿ ಹೋಯಿತು ಸ್ವಾಮಿ?"

ನನಗೆ ಎದೆ ಧಸಕ್ಕೆಂದಿತು. ಮತ್ತೆಲ್ಲಿಯೋ ಅಕ್ಷರ ಕತ್ತರಿಸಿಹೋಯಿತೆಂದು ಕೀಲಿಮಣೆಯನ್ನು ನನ್ನ ಕಡೆಗೆ ಎಳೆದುಕೊಂಡು, ಆ ಚೀಟಿಯನ್ನು ಕೇಳಿದೆ. ಬೇಕಾದ ಎತ್ತರ 62, ಸಿಕ್ಕಿದ್ದು 62. ಅಗಲವೂ ಸರಿಯಾಗಿತ್ತು. ಕಿಟಕಿಯದೇನೂ ತಪ್ಪಿರಲಿಲ್ಲ. ಟೈಪು ಮಾಡಿದವನು ನಾನು.

"ತಿದ್ದುತ್ತೇನೆ" ಎಂದೆ.

"ನೀವು ಏಳಿ, ನಾನೇ ತಿದ್ದುತ್ತೇನೆ. ಇನ್ನೂ ಎಷ್ಟು ಹೀಗೆ ಮಾಡಿಟ್ಟಿದ್ದೀರೋ" ಎಂದು ರಾಯರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಲಕೋಟೆ ಮೇಜಿನ ಮೇಲೆಯೇ ಇತ್ತು. ಆರೂವರೆಗೆ ಅದನ್ನು ಹರಿದು ಬೀಗದ ಕೈ ತೆಗೆದು, ಒಳಗಿನ ಕಪಾಟಿನಿಂದ ಮೂಲ ಪ್ರತಿಯನ್ನು ತಂದು ತಾಳೆ ನೋಡತೊಡಗಿದರು.